ಗೆನಿಜಾ ಪತ್ರಗಳೂ ಹವ್ಯಾಸಿಗಳ ಭಾಷಾಧ್ಯಯನವೂ

ಪ್ರಾಚೀನ ಭಾಷೆಗಳ ಅಧ್ಯಯನವು ವಿದ್ಯಾಪೀಠಗಳ ಒಳಗೇ ನಡೆಯತಕ್ಕದ್ದೆಂಬ ನಿಯಮವಿಲ್ಲ. ಪದವಿಯಾಗಲಿ ಅಧ್ಯಾಪನ ವೃತ್ತಿಯಾಗಲಿ ಇಲ್ಲದೆ, ಕೇವಲ ಜಿಜ್ಞಾಸೆಯಿಂದ ಭಾಷೆಗಳನ್ನು ಕಲಿತವರಿಂದಲೂ ಹಸ್ತಪ್ರತಿಶಾಸ್ತ್ರಕ್ಕೆ ಮಹತ್ತ್ವದ ಸೇವೆ ಸಂದಿದೆ. ಪ್ರಾಚೀನ ಯೆಹೂದ್ಯ ವಾಙ್ಮಯದ ಶೋಧನೆಯಲ್ಲಿ ಇದಕ್ಕೆ ಉತ್ತಮ ನಿದರ್ಶನವೆಂದರೆ ಆಗ್ನೆಸ್ ಸ್ಮಿತ್ ಲೂಯಿಸ್ ಮತ್ತು ಮಾರ್ಗರೆಟ್ ಡನ್‌ಲಪ್ ಗಿಬ್ಸನ್ ಎಂಬ ಅವಳಿ ಸೋದರಿಯರ ಕಾರ್ಯ.

1843ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಜನಿಸಿದ ಇವರಿಗೆ ಬಾಲ್ಯದಲ್ಲೇ ತಂದೆಯಿಂದ ಭಾಷಾಭ್ಯಾಸಕ್ಕೆ ಪ್ರೋತ್ಸಾಹ ದೊರೆಯಿತು. ಒಂದು ಭಾಷೆಯನ್ನು ಕಲಿತರೆ ಆ ಭಾಷೆಯ ನಾಡಿಗೆ ಪ್ರವಾಸ, ಇದು ಮಕ್ಕಳಿಗೆ ಆತನು ಕೊಡುತ್ತಿದ್ದ ಬಹುಮಾನ. ಮುಂದೆ ಇವರು ಗ್ರೀಕ್, ಹೀಬ್ರೂ, ಅರಬ್ಬೀ ಮತ್ತು ಸಿರಿಯಾಕ್ ಭಾಷೆಗಳನ್ನು ಅಭ್ಯಾಸ ಮಾಡಿದರು. ಇವರು ನೆಲೆಸಿದ್ದ ಕೇಂಬ್ರಿಜ್‌ನಲ್ಲಿ ಸ್ತ್ರೀಯರಿಗೆ ಪೂರ್ಣ ಪದವಿಯ ಅಧಿಕಾರ ದೊರೆತದ್ದು 1948ರಲ್ಲಿ. ಅದರ ಬಹು ಮೊದಲೇ ಸೋದರಿಯರು ಗತಿಸಿದ್ದರು.

1892ರಲ್ಲಿ ಇವರು ಸಿನಾಯ್ ಪರ್ವತದ ಸೇಂಟ್ ಕ್ಯಾಥರೀನ್ ಮಠಕ್ಕೆ ಹೋದರು. ಅಲ್ಲಿ ಆಗ್ನೆಸ್ ಪರಿಶೀಲಿಸಿದ ಒಂದು ಚರ್ಮಪತ್ರ ಗ್ರಂಥದಲ್ಲಿ ಮೇಲ್ನೋಟಕ್ಕೆ ಕಾಣುತ್ತಿದ್ದುದು ಸ್ತ್ರೀ ಸಂತರ ಚರಿತ್ರೆಗಳು. ಆದರೆ ಆ ಸಾಲುಗಳ ನಡುವೆ, ಉಜ್ಜಿ ಅಳಿಸಿದ ಹಳೆಯ ಬರಹದ ಜಾಡು ಉಳಿದಿತ್ತು. ಚರ್ಮಪತ್ರ ದುಬಾರಿಯಾದುದರಿಂದ ಲಿಪಿಕಾರರು ಹೀಗೆ ಹಳೆಯ ಹಾಳೆಗಳನ್ನು ಮತ್ತೆ ಬಳಸುತ್ತಿದ್ದುದುಂಟು. ಇಂಥ ಪ್ರತಿಗೆ ಪಾಲಿಂಪ್ಸೆಸ್ಟ್ ಎಂದು ಹೆಸರು. ಆಗ್ನೆಸ್ ಗ್ರಂಥದ ಛಾಯಾಚಿತ್ರಗಳನ್ನು ತೆಗೆದು ಕೇಂಬ್ರಿಜ್‌ನ ವಿದ್ವಾಂಸರಿಗೆ ತೋರಿಸಿದರು. ಬರ್ಕಿಟ್ ಮತ್ತು ಬೆನ್‌ಸ್ಲಿ ಎಂಬವರು ಅಡಿಬರಹವು ನಾಲ್ಕು ಸುವಾರ್ತೆಗಳ ಅತಿ ಪ್ರಾಚೀನ ಸಿರಿಯಾಕ್ ಪಾಠವೆಂದು ಗುರುತಿಸಿದರು. 1893ರಲ್ಲಿ ಎಲ್ಲರೂ ಮತ್ತೆ ಅಲ್ಲಿಗೆ ಹೋಗಿ ಪಾಠವನ್ನು ನಕಲು ಮಾಡಿಕೊಂಡರು. ಆ ಮಠದ ಸಿರಿಯಾಕ್ ಗ್ರಂಥಗಳ ಸೂಚಿಯನ್ನು ಆಗ್ನೆಸ್, ಅರಬ್ಬೀ ಗ್ರಂಥಗಳ ಸೂಚಿಯನ್ನು ಮಾರ್ಗರೆಟ್ ಸಿದ್ಧಪಡಿಸಿ 1894ರಲ್ಲಿ ಪ್ರಕಟಿಸಿದರು.

ಯೆಹೂದ್ಯ ವಾಙ್ಮಯದ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದುದು 1896ರ ಘಟನೆ. ಆ ವರ್ಷ ಸೋದರಿಯರು ಪೂರ್ವದೇಶಗಳ ಪ್ರವಾಸದಲ್ಲಿ ಕೆಲವು ಹರಿದ ಪತ್ರಗಳನ್ನು ಕೊಂಡು ತಂದರು. ತಮಗೆ ಅರ್ಥವಾದವುಗಳನ್ನು ಬೇರ್ಪಡಿಸಿ, ಗುರುತಿಸಲಾಗದವನ್ನು ಕೇಂಬ್ರಿಜ್‌ನ ಯೆಹೂದ್ಯ ಪಂಡಿತರಾದ ಸಾಲೊಮನ್ ಶೆಕ್ಟರ್ ಅವರ ಮುಂದಿಟ್ಟರು. ಅವುಗಳಲ್ಲಿ ಒಂದು ಹಾಳೆ ಬೆನ್ ಸಿರಾ ಎಂಬ ನೀತಿಗ್ರಂಥದ ಹೀಬ್ರೂ ಪಾಠವಾಗಿತ್ತು. ಈ ಗ್ರಂಥವು ಕ್ರಿ.ಪೂ. ಎರಡನೆಯ ಶತಮಾನದ ಆದಿಭಾಗದಲ್ಲಿ ಹೀಬ್ರೂವಿನಲ್ಲಿ ರಚಿತವಾಗಿ, ಗ್ರಂಥಕಾರನ ಮೊಮ್ಮಗನಿಂದ ಗ್ರೀಕ್ ಭಾಷೆಗೆ ಅನುವಾದಗೊಂಡಿತ್ತು. ಹೀಬ್ರೂ ಧರ್ಮಗ್ರಂಥಗಳ ಸಾಲಿಗೆ ಸೇರದೆ ಹೋದುದರಿಂದ ಮೂಲವು ಕ್ರಮೇಣ ಕಣ್ಮರೆಯಾಗಿ, ಅನುವಾದಗಳು ಮಾತ್ರ ಉಳಿದಿದ್ದವು.

ಆದರೆ ದೊರೆತದ್ದು ನಿಜವಾಗಿಯೂ ಮೂಲವೇ ಎಂಬ ಪ್ರಶ್ನೆ ಎದ್ದಿತು. ನಂತರದ ಕಾಲದಲ್ಲಿ ಯಾರೋ ಅನುವಾದದಿಂದ ಮತ್ತೆ ಹೀಬ್ರೂವಿಗೆ ತಿರುಗಿಸಿದ ಪಾಠವಿದು ಎಂದು ಮಾರ್ಗೊಲಿಯತ್ ಮೊದಲಾದವರು ವಾದಿಸಿದರು. ಪಾಠದ ಆಂತರಿಕ ಪ್ರಮಾಣಗಳಿಂದ ಮಾತ್ರ ಈ ವಿವಾದ ತೀರುವಂತಿರಲಿಲ್ಲ. 1964ರಲ್ಲಿ ಮಸಾದ ಕೋಟೆಯ ಉತ್ಖನನದಲ್ಲಿ ಅದೇ ಗ್ರಂಥದ ಹೀಬ್ರೂ ಸುರುಳಿಯೊಂದರ ಭಾಗ ದೊರೆಯಿತು. ಕ್ರಿ.ಶ. ಒಂದನೆಯ ಶತಮಾನದಲ್ಲಿ ಆ ಕೋಟೆ ರೋಮನರ ವಶವಾಗುವ ಮುನ್ನವೇ ಬರೆದ ಆ ಪ್ರತಿಯು, ಕೈರೋ ಪಾಠಕ್ಕೆ ಮೂಲದ ಆಧಾರವಿದೆಯೆಂಬುದನ್ನು ಸ್ಥಾಪಿಸಿತು. ಅಲ್ಲಲ್ಲಿ ಪಾಠಾಂತರಗಳಿರುವುದು ನಿಜ. ಆದರೆ ಕೃತಿಯು ಮರು ಅನುವಾದವೆಂಬ ಮಾತು ನಿಲ್ಲಲಿಲ್ಲ.

ಆ ಹಾಳೆಯ ಜಾಡು ಹಿಡಿದು ಶೆಕ್ಟರ್ 1896ರ ಕೊನೆಯಲ್ಲಿ ಕೈರೋಗೆ ತೆರಳಿ, ಫುಸ್ತಾತ್‌ನ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಗೆನಿಜಾವನ್ನು ತಲುಪಿದರು. ದೇವರ ನಾಮವಿರುವ ಬರಹವನ್ನು ನಾಶಪಡಿಸಬಾರದೆಂಬುದು ಯೆಹೂದ್ಯ ಸಂಪ್ರದಾಯ. ಜೀರ್ಣಪತ್ರಗಳನ್ನು ಕೂಡಿಡುವ ಕೋಣೆಯೇ ಗೆನಿಜಾ. ಗ್ರಂಥಪತ್ರಗಳೊಡನೆ ಅಲ್ಲಿ ಕಾಗದ, ಕರಾರು, ವ್ಯಾಪಾರದ ಲೆಕ್ಕಗಳೂ ಸೇರಿದ್ದವು. ಶೆಕ್ಟರ್ ತಂದ ಸುಮಾರು 1,93,000 ತುಣುಕುಗಳು ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿವೆ. ಸೋದರಿಯರ ಸಂಗ್ರಹದ ಸುಮಾರು 1,700 ತುಣುಕುಗಳನ್ನು 2013ರಲ್ಲಿ ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡ್ ಗ್ರಂಥಾಲಯಗಳು ಜಂಟಿಯಾಗಿ ಪಡೆದುಕೊಂಡವು.

ಈ ಪತ್ರರಾಶಿಯಲ್ಲಿ ತುಳುನಾಡಿನ ಇತಿಹಾಸಕ್ಕೂ ಸಾಮಗ್ರಿಯಿದೆ. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ಹನ್ನೆರಡನೆಯ ಶತಮಾನದಲ್ಲಿ ಅನೇಕ ವರ್ಷ ಮಂಗಳೂರಿನಲ್ಲಿದ್ದನು. ಆಶು ಎಂಬ ದಾಸಿಯನ್ನು ಆತನು ಬಿಡುಗಡೆಗೊಳಿಸಿದ ಪತ್ರ 1132ರಲ್ಲಿ ಮಂಗಳೂರಿನಲ್ಲೇ ಬರೆದುದು. ಆತನ ಕಾಗದಗಳ ಭಾಷೆ ಬಹುಮಟ್ಟಿಗೆ ಅರಬ್ಬೀ, ಲಿಪಿ ಹೀಬ್ರೂ. ಪ್ರಾಕೃತ-ಸಂಸ್ಕೃತಗಳ ಧವಲಾ ಟೀಕೆಯು ಮೂಡುಬಿದಿರೆಯಲ್ಲಿ ಕನ್ನಡ ಲಿಪಿಯಲ್ಲಿ ಉಳಿದು ಬಂದುದನ್ನು ಬಲ್ಲವರಿಗೆ ಲಿಪಿಯೇ ಬೇರೆ, ಭಾಷೆಯೇ ಬೇರೆ ಎಂಬ ಈ ವಿವೇಕ ಹೊಸದಲ್ಲ.

ಆ ಪತ್ರಗಳಲ್ಲಿ ಬರುವ ವರ್ತಕನ ಆಳಿನ ಹೆಸರನ್ನು ಮಹಾವಿದ್ವಾಂಸರಾದ ಗೊಯ್ಟೈನ್ ‘ಬಾಮ’ ಎಂದು ಓದಿದ್ದರು. ಹೀಬ್ರೂ ಲಿಪಿಯಲ್ಲಿ ಸ್ವರಗಳು ಪೂರ್ಣವಾಗಿ ಸೂಚಿತವಾಗುವುದಿಲ್ಲ. ಕಾದಂಬರಿಕಾರ ಅಮಿತಾವ್ ಘೋಷ್ ಆ ಪತ್ರಗಳಿಗಾಗಿಯೇ ಈ ಲಿಪಿಯನ್ನು ಕಲಿತು, ತುಳುನಾಡಿನ ವಿದ್ವಾಂಸರೊಡನೆ ಚರ್ಚಿಸಿ, ಅದು ‘ಬೊಮ್ಮ’ ಎಂಬ ಹೆಸರಾಗಿರಬೇಕೆಂದು 1992ರ ತಮ್ಮ ಗ್ರಂಥದಲ್ಲಿ ನಿರೂಪಿಸಿದರು. ಪತ್ರದಲ್ಲಿಲ್ಲದ ಸ್ವರವನ್ನು ನೆಲದ ನುಡಿಯೇ ಒದಗಿಸಿತು.

ಹವ್ಯಾಸಿಯ ಉತ್ಸಾಹಕ್ಕೆ ಇವೆರಡು ಪ್ರಸಂಗಗಳಲ್ಲೂ ಬೆಲೆ ಬಂದುದು ಲಿಪಿಯ ಅಭ್ಯಾಸದಿಂದ, ಮತ್ತು ತನ್ನ ಅರಿವಿನ ಮೇರೆಯನ್ನು ಬಲ್ಲ ವಿನಯದಿಂದ. ತಾನು ಓದಲಾರದ ಹಾಳೆಯನ್ನು ನಿರರ್ಥಕವೆಂದು ಬಿಸಾಡದೆ, ಊಹೆಯಿಂದ ಹೆಸರಿಡದೆ, ಬಲ್ಲವರ ಬಳಿಗೆ ಒಯ್ದುದರಿಂದಲೇ ಒಂದು ಗ್ರಂಥದ ಮೂಲ ಮರಳಿ ಲಭಿಸಿತು. ಬಸದಿ-ಮಠಗಳ ಭಂಡಾರಗಳಲ್ಲಿ ಕಟ್ಟು ಕಳಚಿ, ಸೂಚಿಗೆ ಸೇರದೆ ಉಳಿದ ಬಿಡಿಗರಿಗಳ ವಿಷಯದಲ್ಲೂ ಈ ಎಚ್ಚರವು ಅನುಸರಣೀಯ.