ಬೀದಿಯಲ್ಲಿ ಕಲಿತ ಕನ್ನಡ

ಮೈಸೂರಿನಲ್ಲೊಂದು ಮನೆ. ಮಹಡಿಯ ಮೇಲೆ ಗಣಿತದ ಪ್ರೊಫೆಸರರಾದ ತಂದೆಯೊಡನೆ ಇಂಗ್ಲಿಷು. ಕೆಳಗೆ ತಾಯಿಯೊಡನೆ ತಮಿಳು. ಹೊಸ್ತಿಲು ದಾಟಿದರೆ ಕನ್ನಡ. 1929ರಲ್ಲಿ ಹುಟ್ಟಿದ ಕವಿ ಎ. ಕೆ. ರಾಮಾನುಜನ್ ಬೆಳೆದದ್ದು ಹೀಗೆ. ಮಾತನ್ನು ತಿರುವಿ ನೋಡುವ ಚಟ ಅಲ್ಲಿಂದಲೇ ಬಂದಿರಬೇಕು. ಭಾರತೀಯ ಚಿಂತನಕ್ರಮವೆಂಬುದೊಂದು ಉಂಟೇ ಎಂದು ಕೇಳುವ ಇಂಗ್ಲಿಷ್ ಪ್ರಬಂಧದಲ್ಲಿ, ಆ ಪ್ರಶ್ನೆಯ ಒಂದೊಂದು ಪದಕ್ಕೂ ಒತ್ತು ಕೊಟ್ಟು ಬೇರೆ ಬೇರೆ ಪ್ರಶ್ನೆಗಳನ್ನೇ ಎಬ್ಬಿಸುತ್ತಾರೆ. ಶಿಕಾಗೋದಲ್ಲಿ ಪ್ರಾಧ್ಯಾಪಕರಾಗಿದ್ದಾಗಲೂ ಅವರು ಕವಿತೆಯಲ್ಲಿ ಬೀದಿಯ ಕನ್ನಡವನ್ನು ಬಿಡಲಿಲ್ಲ. 1990ರ ಸಂಕಲನದ ಹೆಸರೇ ‘ಕುಂಟೋಬಿಲ್ಲೆ’.

ಪುಣೆಯ ನಮ್ಮ ಮನೆಯಲ್ಲಿ ಲೆಕ್ಕ ತಿರುವುಮುರುವು: ಕನ್ನಡ ಒಳಗೆ, ಬೀದಿ ಮರಾಠಿಯದು. ಕುಂಟೋಬಿಲ್ಲೆ ಎಂದರೇನೆಂದು ಮಗಳನ್ನು ಕೇಳಿದೆ, ಗೊತ್ತಿಲ್ಲವೆಂದಳು. ದಿನವೂ ಆಡುವ ಆಟವೇ, ಕನ್ನಡದ ಹೆಸರನ್ನು ಮಾತ್ರ ಕೇಳಿಲ್ಲ! ಆ ಸಂಜೆ ಸೀಮೆಸುಣ್ಣ ಹಿಡಿದು ಅಂಗಳದಲ್ಲಿ ನಾನೇ ಮನೆಗಳನ್ನು ಬರೆದೆ.