ಸಂಬಳದ ಅಳತೆಯಲ್ಲಿ ಸ್ಪೋರ್ಟ್ಸ್ ಕಾರು

ಪೋರ್ಷೆ ಕಂಪನಿಯ 911 ಮಾದರಿಯ ಕಾರು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಕಾರ್ಖಾನೆಯಲ್ಲಿ ತಯಾರಾಗಿ ಜಗತ್ತಿನ ಎಲ್ಲ ಮಾರುಕಟ್ಟೆಗಳಿಗೂ ಅಲ್ಲಿಂದಲೇ ಹೋಗುವುದರಿಂದ, ಸ್ಪೋರ್ಟ್ಸ್ ಕಾರಿನ ಬೆಲೆ ದೇಶದಿಂದ ದೇಶಕ್ಕೆ ಏಕೆ ಬದಲಾಗುತ್ತದೆ ಎಂಬುದನ್ನು ಪರಿಶೀಲಿಸಲು ಅದಕ್ಕಿಂತ ಅನುಕೂಲವಾದ ಉದಾಹರಣೆ ಸಿಗುವುದು ಕಷ್ಟ. 2024ರಲ್ಲಿ ಪರಿಷ್ಕೃತ ರೂಪದಲ್ಲಿ ಬಂದ 911 ಕರೇರಾದ ಆರಂಭಿಕ ಬೆಲೆ ಜರ್ಮನಿಯಲ್ಲಿ ಸುಮಾರು 1.29 ಲಕ್ಷ ಯೂರೋ, ಅಮೆರಿಕದಲ್ಲಿ ಸುಮಾರು 1.20 ಲಕ್ಷ ಡಾಲರ್, ಬ್ರಿಟನ್ನಿನಲ್ಲಿ ಲಕ್ಷ ಪೌಂಡ್‌ಗೆ ತುಸು ಕಡಿಮೆ ಇದ್ದರೆ, ಭಾರತದಲ್ಲಿ ಅದರ ಎಕ್ಸ್-ಶೋರೂಮ್ ಬೆಲೆ, ಎಂದರೆ ನೋಂದಣಿ, ರಸ್ತೆ ತೆರಿಗೆ ಮತ್ತು ವಿಮೆಗಳನ್ನು ಸೇರಿಸುವುದಕ್ಕೆ ಮೊದಲಿನ ಬೆಲೆ, 1.99 ಕೋಟಿ ರೂಪಾಯಿ ಎಂದು ಘೋಷಣೆಯಾಯಿತು. ಅಂದಿನ ವಿನಿಮಯ ದರದಲ್ಲಿ ಇದು ಅಮೆರಿಕದ ಬೆಲೆಯ ಹೆಚ್ಚುಕಡಿಮೆ ಎರಡರಷ್ಟು.

ಬೆಲೆಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ನೋಡುವುದರಿಂದ ತಿಳಿಯುವುದು ಅರ್ಧ ಸತ್ಯ ಮಾತ್ರ. ಆ ಹಣವನ್ನು ಗಳಿಸಲು ಒಬ್ಬ ಉದ್ಯೋಗಿ ಎಷ್ಟು ತಿಂಗಳು ದುಡಿಯಬೇಕು ಎಂಬ ಪ್ರಶ್ನೆಯನ್ನು ಅದರ ಜೊತೆಗೆ ಕೇಳಿದಾಗಲೇ ಹೋಲಿಕೆಗೆ ಅರ್ಥ ಬರುತ್ತದೆ. ಇದಕ್ಕೆ ಅರ್ಥಶಾಸ್ತ್ರಜ್ಞರು ಸಾಮಾನ್ಯವಾಗಿ ಬಳಸುವುದು ಮಧ್ಯಕ ವೇತನವನ್ನು, ಎಂದರೆ ಉದ್ಯೋಗಿಗಳನ್ನೆಲ್ಲ ಸಂಬಳದ ಏರಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಲ್ಲುವವರ ಸಂಬಳವನ್ನು. ಸರಾಸರಿಯನ್ನು ತೆಗೆದುಕೊಂಡರೆ ಕೆಲವೇ ಕೋಟ್ಯಧೀಶರ ಆದಾಯವು ಇಡೀ ಲೆಕ್ಕವನ್ನು ಮೇಲಕ್ಕೆ ಎಳೆದುಬಿಡುತ್ತದೆ. ಅಮೆರಿಕದ ಪೂರ್ಣಾವಧಿ ಉದ್ಯೋಗಿಗಳ ಮಧ್ಯಕ ವೇತನವು 2024ರ ಕೊನೆಯಲ್ಲಿ ವರ್ಷಕ್ಕೆ ಸುಮಾರು 62 ಸಾವಿರ ಡಾಲರ್ ಇದ್ದುದರಿಂದ ಅಲ್ಲಿ 911 ಕರೇರಾ ಸುಮಾರು 23 ತಿಂಗಳ ಸಂಬಳಕ್ಕೆ ಸಮ. ಜರ್ಮನಿಯ 52 ಸಾವಿರ ಯೂರೋಗಳ ಲೆಕ್ಕದಲ್ಲಿ ಅದು 30 ತಿಂಗಳಾಗುತ್ತದೆ, ಬ್ರಿಟನ್ನಿನ 37 ಸಾವಿರ ಪೌಂಡ್‌ಗಳ ಲೆಕ್ಕದಲ್ಲಿ 32 ತಿಂಗಳು. ಭಾರತದಲ್ಲಿ ನಿಯತ ಸಂಬಳದ ನೌಕರಿಯಲ್ಲಿರುವವರ ಸರಾಸರಿ ಗಳಿಕೆಯೇ, ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ, 2023-24ರಲ್ಲಿ ತಿಂಗಳಿಗೆ 20 ಸಾವಿರ ರೂಪಾಯಿ ದಾಟಿ ಸ್ವಲ್ಪ ಮಾತ್ರ ಇತ್ತು. ಆ ಲೆಕ್ಕದಲ್ಲಿ ಅದೇ ಕಾರಿಗೆ 80 ವರ್ಷಗಳ ದುಡಿಮೆ ಬೇಕು. ಇಲ್ಲಿ ಮಧ್ಯಕದ ಬದಲು ಸರಾಸರಿಯನ್ನು ಹಿಡಿದಿರುವುದರಿಂದ ಈ ಅಂಕಿಯೂ ಉದಾರವಾದದ್ದೇ.

ಇವೆಲ್ಲವೂ ತೆರಿಗೆ ಕಡಿತಕ್ಕೆ ಮೊದಲಿನ ವೇತನಗಳು. ಕೈಗೆ ಬರುವ ಹಣವನ್ನು ಎಣಿಸಿದರೆ ಜರ್ಮನಿಯ ಸ್ಥಿತಿ ಇನ್ನಷ್ಟು ಬಿಗಿಯಾಗುತ್ತದೆ, ಏಕೆಂದರೆ ಅಲ್ಲಿ ಸರಾಸರಿ ಸಂಬಳದ ಒಬ್ಬಂಟಿ ಉದ್ಯೋಗಿಯ ವೇತನದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಆದಾಯ ತೆರಿಗೆಗೂ ಸಾಮಾಜಿಕ ವಿಮೆಗೂ ಹೋಗುತ್ತದೆ, ಅಮೆರಿಕದಲ್ಲಿ ಹೋಗುವುದು ಸುಮಾರು ಕಾಲು ಭಾಗ. ಕಾರನ್ನು ತಯಾರಿಸುವ ದೇಶದ ನೌಕರನಿಗೆ ಅದು ಅಮೆರಿಕದ ನೌಕರನಿಗಿಂತ ದುಬಾರಿಯಾಗಿರುವುದು ವಿಚಿತ್ರವೆನಿಸಿದರೂ ಲೆಕ್ಕ ಮಾತ್ರ ಸರಿಯಾಗಿಯೇ ಇದೆ. ಜರ್ಮನಿಯ ಬೆಲೆಯಲ್ಲಿ ಅಡಗಿರುವ ಶೇ 19ರ ಮೌಲ್ಯವರ್ಧಿತ ತೆರಿಗೆಯನ್ನು ಕಳೆದರೆ ಉಳಿಯುವುದು ಸುಮಾರು 1.08 ಲಕ್ಷ ಯೂರೋ, ಮತ್ತು ಅದನ್ನು ಡಾಲರಿಗೆ ಪರಿವರ್ತಿಸಿದರೆ ಮಾರಾಟ ತೆರಿಗೆ ಸೇರದ ಅಮೆರಿಕದ ಬೆಲೆಗೆ ಅದು ಬಹಳ ಹತ್ತಿರ ಬರುತ್ತದೆ. ತಯಾರಕನು ತನ್ನ ಪಾಲಿಗೆ ಕೇಳುವ ಹಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಉಳಿದ ವ್ಯತ್ಯಾಸವೆಲ್ಲ ಆಯಾ ಸರ್ಕಾರದ ಕೈಯದು.

ಭಾರತದಲ್ಲಿ ಆ ಕೈ ಮೂರು ಕಡೆ ಚಾಚುತ್ತದೆ. ಪೂರ್ತಿ ಜೋಡಣೆಯಾಗಿ ಹಡಗಿನಲ್ಲಿ ಬರುವ ಕಾರಿನ ಮೌಲ್ಯವು, ಸಾಗಣೆ ಮತ್ತು ವಿಮೆಯೂ ಸೇರಿ, 40 ಸಾವಿರ ಡಾಲರ್ ಮೀರಿದರೆ ಅದರ ಮೇಲೆ ಬೀಳುವ ಒಟ್ಟು ಆಮದು ಸುಂಕ ಸುಮಾರು ಶೇ 110. 2025ರ ಬಜೆಟ್ಟಿನಲ್ಲಿ ಮೂಲ ಸುಂಕವನ್ನು ಶೇ 70ಕ್ಕೆ ಇಳಿಸಲಾಯಿತಾದರೂ ಜೊತೆಯಲ್ಲೇ ಶೇ 40ರ ಕೃಷಿ ಮೂಲಸೌಕರ್ಯ ಸೆಸ್ ಹೇರಿದ್ದರಿಂದ ಮೊತ್ತ ಇದ್ದಲ್ಲೇ ಉಳಿಯಿತು. ಸುಂಕ ಸೇರಿದ ಬೆಲೆಯ ಮೇಲೆ ಜಿಎಸ್‌ಟಿ ಬೀಳುತ್ತದೆ, ಅದು ದೊಡ್ಡ ಕಾರುಗಳಿಗೆ ಸೆಸ್ ಸೇರಿ ಶೇ 48 ಅಥವಾ 50 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ಕೊನೆಗೆ ರಾಜ್ಯದ ಜೀವಿತಾವಧಿ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಪೆಟ್ರೋಲ್ ಕಾರುಗಳಿಗೆ ಅದು ಶೇ 18, ಅದರ ಮೇಲಿನ ಸೆಸ್‌ಗಳೂ ಕೂಡಿದರೆ ಸುಮಾರು ಶೇ 20. ಬಂದರಿಗೆ ಬಂದಾಗ 100 ರೂಪಾಯಿ ಇದ್ದ ವಸ್ತು ಸುಂಕದಿಂದ 210, ಹಿಂದಿನ ಜಿಎಸ್‌ಟಿಯಿಂದ 311, ಬೆಂಗಳೂರಿನ ಆರ್‌ಟಿಒ ದಾಟುವ ಹೊತ್ತಿಗೆ 370ಕ್ಕೂ ಹೆಚ್ಚು ಆಗುತ್ತಿತ್ತು, ಮಾರಾಟಗಾರನ ಲಾಭ ಇನ್ನೂ ಬೇರೆ. ಒಂದು ತೆರಿಗೆಯ ಮೇಲೆ ಇನ್ನೊಂದನ್ನು ಲೆಕ್ಕ ಹಾಕುವುದರಿಂದಲೇ ಮೊತ್ತ ಹೀಗೆ ಬೆಳೆಯುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ: ಭಾರತದಲ್ಲಿ ಸಂಬಳ ಕಡಿಮೆಯಾದರೂ ಬದುಕು ಅಗ್ಗವಲ್ಲವೇ? ಕೊಳ್ಳುವ ಶಕ್ತಿಯ ಸಮತೆ ಎಂಬ ಪರಿಕಲ್ಪನೆ ಹೇಳುವುದು ಇದನ್ನೇ. ವಿನಿಮಯ ದರದ ಬದಲು, ಒಂದೇ ಬಗೆಯ ಸರಕು ಸೇವೆಗಳ ಬುಟ್ಟಿಗೆ ಎರಡು ದೇಶಗಳಲ್ಲಿ ಎಷ್ಟು ಹಣ ಬೇಕು ಎಂಬುದನ್ನು ನೋಡಿ ಆದಾಯಗಳನ್ನು ಹೋಲಿಸುವ ಕ್ರಮವಿದು. ಬಾಡಿಗೆ, ಕ್ಷೌರ, ಮನೆಗೆಲಸದವರ ಸಂಬಳ, ಹೋಟೆಲಿನ ಊಟ ಇಂಥವುಗಳ ಮಟ್ಟಿಗೆ ಇದು ನ್ಯಾಯವಾದ ಅಳತೆ, ಏಕೆಂದರೆ ಅವು ಹುಟ್ಟಿದ ಊರಿನಲ್ಲೇ ಖರ್ಚಾಗುತ್ತವೆ. ಆದರೆ ಸ್ಪೋರ್ಟ್ಸ್ ಕಾರು ಗಡಿ ದಾಟಿ ಬರುವ ಸರಕು, ಅದರ ಬೆಲೆ ನಿಗದಿಯಾಗುವುದು ಯೂರೋ ಅಥವಾ ಡಾಲರಿನಲ್ಲಿ. ವರ್ಷಕ್ಕೆ 30 ಲಕ್ಷ ರೂಪಾಯಿ ಸಂಬಳ ಪಡೆಯುವ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಜೀವನಮಟ್ಟದಲ್ಲಿ ಅಮೆರಿಕದ ಮಧ್ಯಮ ವರ್ಗದವರಿಗೆ ಸಾಟಿಯಾಗಿ ಬಾಳಬಹುದಾದರೂ, 911ರ ಎದುರು ನಿಂತಾಗ ಅವರ ಸಂಬಳ ಮತ್ತೆ, 2024ರ ವಿನಿಮಯ ದರದಲ್ಲಿ, ಸುಮಾರು 36 ಸಾವಿರ ಡಾಲರಿಗೆ ಕುಗ್ಗುತ್ತದೆ, ಕಾರು ಮಾತ್ರ ಎರಡರಷ್ಟು ಬೆಲೆಯಲ್ಲಿ ನಿಂತಿರುತ್ತದೆ.

ಸಂಬಳ ಹೆಚ್ಚಿದ್ದರೆ ಸಾಕು, ಕಾರು ಎಟುಕುತ್ತದೆ ಎಂಬ ತೀರ್ಮಾನಕ್ಕೂ ಬರುವಂತಿಲ್ಲ ಎಂಬುದಕ್ಕೆ ಸಿಂಗಪುರ ಸಾಕ್ಷಿ. ಬೆಂಗಳೂರು ನಗರದಷ್ಟೇ ವಿಸ್ತಾರದ ಆ ದ್ವೀಪರಾಷ್ಟ್ರದಲ್ಲಿ 1990ರಿಂದ ಕಾರುಗಳ ಸಂಖ್ಯೆಗೇ ಮಿತಿ ಇದೆ. ಕಾರು ಕೊಳ್ಳುವವರು ಮೊದಲು ಹರಾಜಿನಲ್ಲಿ ಹತ್ತು ವರ್ಷದ ಹಕ್ಕುಪತ್ರವೊಂದನ್ನು ಪಡೆಯಬೇಕು, ದೊಡ್ಡ ಕಾರುಗಳ ವರ್ಗದಲ್ಲಿ ಅದರ ದರ 2023ರ ಅಕ್ಟೋಬರಿನಲ್ಲಿ 1.5 ಲಕ್ಷ ಸಿಂಗಪುರ ಡಾಲರ್ ಮುಟ್ಟಿತ್ತು. ಅದರ ಜೊತೆಗೆ ಹೆಚ್ಚುವರಿ ನೋಂದಣಿ ಶುಲ್ಕವೊಂದಿದೆ. ಕಾರಿನ ಮೂಲ ಮೌಲ್ಯದ ಮೊದಲ 20 ಸಾವಿರಕ್ಕೆ ಶೇ 100ರಿಂದ ಆರಂಭವಾಗಿ 80 ಸಾವಿರ ಮೀರಿದ ಭಾಗಕ್ಕೆ ಶೇ 320ರ ತನಕ ಅದು ಏರುತ್ತದೆ. ಮೂಲ ಮೌಲ್ಯ ಒಂದು ಲಕ್ಷ ಡಾಲರ್ ಇರುವ ಕಾರಿಗೆ ಈ ಶುಲ್ಕವೊಂದೇ ಎರಡು ಲಕ್ಷವಾಗುತ್ತದೆ. ಅಬಕಾರಿ ಸುಂಕ, ಜಿಎಸ್‌ಟಿ, ಹಕ್ಕುಪತ್ರಗಳನ್ನೂ ಕೂಡಿದರೆ ಮೊತ್ತ ನಾಲ್ಕು ಲಕ್ಷ ದಾಟುತ್ತದೆ. ಅಲ್ಲಿನ ಮಧ್ಯಕ ಆದಾಯವು, ಮಾಲೀಕರ ಭವಿಷ್ಯನಿಧಿ ವಂತಿಗೆಯೂ ಸೇರಿ, 2024ರಲ್ಲಿ ತಿಂಗಳಿಗೆ 5,500 ಡಾಲರ್ ಇತ್ತೆಂಬುದನ್ನು ನೆನೆದರೆ ಇದು ಆರು ವರ್ಷಕ್ಕೂ ಹೆಚ್ಚಿನ ಗಳಿಕೆ. ಡೆನ್ಮಾರ್ಕ್ ಕೂಡ ಶೇ 25ರ ಮೌಲ್ಯವರ್ಧಿತ ತೆರಿಗೆಯ ಮೇಲೆ ಶೇ 150ರ ತನಕ ನೋಂದಣಿ ತೆರಿಗೆ ವಿಧಿಸುವ ದೇಶ. ಇಲ್ಲಿ ಗಮನಿಸಬೇಕಾದದ್ದು ಕಾರಣಗಳ ವ್ಯತ್ಯಾಸ: ಸಿಂಗಪುರಕ್ಕೆ ರಸ್ತೆಯ ಜಾಗದ ಚಿಂತೆ, ದೊಡ್ಡ ಕಾರು ಉದ್ಯಮವಿಲ್ಲದ ಡೆನ್ಮಾರ್ಕಿಗೆ ಬೊಕ್ಕಸದ ಆದಾಯ, ಭಾರತಕ್ಕೆ ದೇಶೀ ಉದ್ಯಮದ ರಕ್ಷಣೆ.

ಇದಕ್ಕೆ ತದ್ವಿರುದ್ಧವಾಗಿರುವುದು ದುಬೈ. ಶೇ 5ರ ಸುಂಕ, 2018ರಲ್ಲಿ ಬಂದ ಶೇ 5ರ ಮೌಲ್ಯವರ್ಧಿತ ತೆರಿಗೆ, ವೇತನದ ಮೇಲೆ ಆದಾಯ ತೆರಿಗೆಯೇ ಇಲ್ಲ. ಕರಾವಳಿಯಿಂದ ಹೋಗಿ ಅಲ್ಲಿ ಒಳ್ಳೆಯ ಹುದ್ದೆಯಲ್ಲಿರುವ ಕನ್ನಡಿಗರಿಗೆ ಮಂಗಳೂರಿನಲ್ಲಿ ಊಹಿಸಲಾಗದ ಕಾರು ಎಟುಕುವುದು ಇದರಿಂದಲೇ, ಆದರೆ ಊರಿಗೆ ಮರಳುವಾಗ ಅದನ್ನು ಜೊತೆಗೆ ತರುವಂತಿಲ್ಲ. ಎಡಗಡೆ ಸ್ಟೀರಿಂಗ್ ಇರುವ ಹಳೆಯ ಕಾರನ್ನು ಭಾರತದ ಆಮದು ನಿಯಮಗಳು ಒಪ್ಪುವುದಿಲ್ಲ.

ಸರಾಸರಿ ಸಂಬಳದವರು ಯಾವ ದೇಶದಲ್ಲೂ 911 ಕೊಳ್ಳಹೊರಡುವುದಿಲ್ಲವಾದ್ದರಿಂದ, ದೇಶಗಳ ನಡುವಿನ ನಿಜವಾದ ಅಂತರ ಕಾಣುವುದು ಕೆಳಗಿನ ಮೆಟ್ಟಿಲಿನಲ್ಲಿ. ಎರಡೇ ಆಸನಗಳ, ಮೇಲ್ಛಾವಣಿ ತೆರೆಯುವ ಮಾಜ್ಡಾ ಎಂಎಕ್ಸ್-5 ಕಾರಿನ ಆರಂಭಿಕ ಬೆಲೆ 2024ರಲ್ಲಿ ಜಪಾನಿನಲ್ಲಿ ಸುಮಾರು 29 ಲಕ್ಷ ಯೆನ್ ಇತ್ತು, ಅಲ್ಲಿನ ಸರಾಸರಿ ವಾರ್ಷಿಕ ವೇತನ 2023ರಲ್ಲಿ ಸುಮಾರು 46 ಲಕ್ಷ ಯೆನ್. ಎಂದರೆ ಏಳೂವರೆ ತಿಂಗಳ ಸಂಬಳ. ಅಮೆರಿಕದಲ್ಲಿ ಅದೇ ಕಾರಿಗೆ ಆರು ತಿಂಗಳೂ ಬೇಡ. ಶಾಲಾ ಶಿಕ್ಷಕರೋ ಮೆಕ್ಯಾನಿಕ್ಕೋ ಸಾಲ ಮಾಡಿ ಕೊಳ್ಳಬಹುದಾದ ಸ್ಪೋರ್ಟ್ಸ್ ಕಾರು ಅದು. ಭಾರತದಲ್ಲಿ ಈ ಮೆಟ್ಟಿಲೇ ಇಲ್ಲ. 40 ಸಾವಿರ ಡಾಲರಿಗಿಂತ ಕಡಿಮೆ ಮೌಲ್ಯದ ಕಾರಿಗೂ ಶೇ 70ರ ಸುಂಕವಿದ್ದುದರಿಂದ ಜಿಎಸ್‌ಟಿ ಸೇರಿ ಅದು ಎರಡೂವರೆ ಪಟ್ಟಾಗುತ್ತಿತ್ತು, ಆ ಬೆಲೆಗೆ ಇಲ್ಲಿ ಐಷಾರಾಮಿ ಸೆಡಾನ್ ಸಿಗುವಾಗ ಎರಡು ಆಸನದ ಚಿಕ್ಕ ಕಾರನ್ನು ಕೇಳುವವರು ಇರುವುದಿಲ್ಲ. ಫೋರ್ಡ್ ಮಸ್ಟಾಂಗ್ 2016ರಲ್ಲಿ ಭಾರತಕ್ಕೆ ಬಂದಾಗ ಆದದ್ದೂ ಹೀಗೆಯೇ. ಅದರ ಜಿಟಿ ಮಾದರಿ ಅಮೆರಿಕದಲ್ಲಿ ಆಗಿನ ಲೆಕ್ಕಕ್ಕೆ 22 ಲಕ್ಷ ರೂಪಾಯಿಯ ಆಸುಪಾಸಿನಿಂದ ಶುರುವಾಗುತ್ತಿದ್ದರೆ, ಹೆಚ್ಚಿನ ಸೌಲಭ್ಯಗಳೊಂದಿಗೆ ಬಂದ ಇಲ್ಲಿನದಕ್ಕೆ ದೆಹಲಿಯಲ್ಲಿ 65 ಲಕ್ಷ. ಅಲ್ಲಿ ದುಡಿಯುವ ವರ್ಗದ ಕಾರೆಂದೇ ಹೆಸರಾದದ್ದು ಇಲ್ಲಿ ಶ್ರೀಮಂತರ ಆಟಿಕೆಯಾಯಿತು.

ಹೀಗೆ ಬೆಲೆ ಏರಿದಲ್ಲೆಲ್ಲ ತೆರಿಗೆ ತಪ್ಪಿಸುವ ದಾರಿಗಳೂ ಹುಟ್ಟುತ್ತವೆ. ಬೇರೆ ರಾಜ್ಯಗಳಲ್ಲಿ ಕಡಿಮೆ ತೆರಿಗೆಗೆ ನೋಂದಣಿ ಮಾಡಿಸಿ ಬೆಂಗಳೂರಿನಲ್ಲಿ ಓಡಿಸುವ ಕಾರುಗಳ ಮೇಲೆ ಕರ್ನಾಟಕದ ಸಾರಿಗೆ ಇಲಾಖೆ 2025ರಲ್ಲಿ ಕಾರ್ಯಾಚರಣೆ ನಡೆಸಿದಾಗ, ಮಹಾರಾಷ್ಟ್ರದಲ್ಲಿ ನೋಂದಣಿಯಾಗಿದ್ದ ಒಂದು ಫೆರಾರಿಯಿಂದಲೇ ಸುಮಾರು 1.42 ಕೋಟಿ ರೂಪಾಯಿ ವಸೂಲಾಯಿತು. ಒಂದು ರಾಜ್ಯದ ರಸ್ತೆ ತೆರಿಗೆಯೇ ಅಮೆರಿಕದ ಒಂದು 911ಕ್ಕಿಂತ ಹೆಚ್ಚಾದ ಪ್ರಸಂಗ ಇದು.

ಸುಂಕದ ಗೋಡೆಯಲ್ಲಿ ಈಗ ಬಿರುಕು ಕಾಣಿಸಿಕೊಂಡಿದೆ. 2025ರ ಜುಲೈನಲ್ಲಿ ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದವು ನಿಗದಿತ ಸಂಖ್ಯೆಯ ಕಾರುಗಳಿಗೆ ಸುಂಕವನ್ನು ಹಂತಹಂತವಾಗಿ ಶೇ 10ಕ್ಕೆ ಇಳಿಸುತ್ತದೆ. ಆ ಹಂತ ತಲುಪಿದಾಗ 100 ರೂಪಾಯಿಯ ಕಾರು ಸುಂಕದಿಂದ 110, ಶೇ 40ರ ಜಿಎಸ್‌ಟಿಯಿಂದ 154, ಕರ್ನಾಟಕದ ರಸ್ತೆ ತೆರಿಗೆಯಿಂದ ಸುಮಾರು 185 ಆಗುತ್ತದೆ, ಪೂರ್ತಿ ಸುಂಕ ತೆರುವ ಕಾರಿಗೆ ತಗಲುವ 353ರ ಸರಿಸುಮಾರು ಅರ್ಧ. ಮೆಕ್‌ಲಾರೆನ್, ಆ್ಯಸ್ಟನ್ ಮಾರ್ಟಿನ್, ಲೋಟಸ್‌ನಂಥ ಬ್ರಿಟನ್ನಿನಲ್ಲೇ ತಯಾರಾಗುವ ಸ್ಪೋರ್ಟ್ಸ್ ಕಾರುಗಳಿಗೆ ಮಾತ್ರ ಇದು ಅನ್ವಯ, ಅದೂ ಮಿತಿಯೊಳಗಿನ ಸಂಖ್ಯೆಗೆ. ಸ್ಟುಟ್‌ಗಾರ್ಟಿನಿಂದ ಬರುವ 911ಕ್ಕೆ ಈ ಒಪ್ಪಂದದಿಂದ ಏನೂ ಸಿಗುವುದಿಲ್ಲ.