ಟೂ ನೈಟ್ಸ್ ಡಿಫೆನ್ಸ್: ಕಪ್ಪಿನ ಪ್ರತಿದಾಳಿಯನ್ನು ಕಲಿಸುವ ಬಗೆ

ಈ ಚೆಸ್ ಆರಂಭದಲ್ಲಿ ಬಿಳಿಯ ಒಂಟೆ ಸಿ4ರಲ್ಲಿದೆ, ಕಪ್ಪಿನ ಕುದುರೆಗಳು ಸಿ6, ಎಫ್6ರಲ್ಲಿವೆ. 4ನೇ ನಡೆಯಲ್ಲಿ ಬಿಳಿಯ ಕುದುರೆ ಜಿ5ಕ್ಕೆ ನುಗ್ಗಿ ಎಫ್7ರ ಮೇಲೆ ಕಣ್ಣಿಡುತ್ತದೆ. ಕಪ್ಪು ಡಿ5ಕ್ಕೆ ಕಾಲಾಳು ನೂಕಿ ಒಂಟೆಗೆ ಅಡ್ಡಹಾಕುತ್ತದೆ. ಬಿಳಿಯ ಕಾಲಾಳು ಅದನ್ನು ಹೊಡೆಯುತ್ತದೆ.

ಮಕ್ಕಳ ಕೈ ತಕ್ಷಣ ಕುದುರೆಯಿಂದ ತಿರುಗಿ ಹೊಡೆಯಲು ಹೋಗುತ್ತದೆ. ಹಾಗೆ ಹೊಡೆದರೆ ಬಿಳಿ ಎಫ್7ರಲ್ಲಿ ಕುದುರೆ ಬಲಿಕೊಟ್ಟು ರಾಜನನ್ನು ಬಯಲಿಗೆ ಎಳೆಯಬಹುದು. ಬದಲಿಗೆ ಸಿ6ರ ಕುದುರೆ ಎ5ಕ್ಕೆ ಹೋಗಿ ಒಂಟೆಯನ್ನೇ ಕೆಣಕಲಿ. ಒಂಟೆ ಬಿ5ರಿಂದ ಚೆಕ್ ಕೊಟ್ಟರೆ ಸಿ6ಕ್ಕೆ ಕಾಲಾಳು. ಹೊಡೆದಾಟ ಮುಗಿದಾಗ ಕಪ್ಪಿಗೆ ಒಂದು ಕಾಲಾಳು ನಷ್ಟ, ನಿಜ. ಆದರೆ ಒಂಟೆ ಇ2ಕ್ಕೆ ಸರಿದರೆ ಎಚ್6 ನಡೆ ಕುದುರೆಯನ್ನು ಎಫ್3ಕ್ಕೆ ಅಟ್ಟುತ್ತದೆ, ಇ4 ಮತ್ತೆ ಓಡಿಸುತ್ತದೆ.

ಕಾಯಿ ಎಣಿಸುವುದನ್ನು ಮಕ್ಕಳು ತಾವೇ ಮಾಡುತ್ತಾರೆ. ಶಿಕ್ಷಕರು ಕೇಳಬೇಕಾದ್ದು: ಬಿಳಿ ಎಷ್ಟು ನಡೆಗಳನ್ನು ಓಡುವುದರಲ್ಲೇ ಕಳೆಯಿತು?